ರಾಜಿಯ ಅರ್ಥ: ಮುನ್ಷಿ–ಅಯ್ಯಂಗಾರ್ ಸೂತ್ರದ ಒಂದು ಅವಲೋಕನ

ಪಕ್ಷನಿಷ್ಠೆ ಪ್ರಖರವಾಗಿರುವ ಕಾಲದಲ್ಲಿ ರಾಜಿ ಎಂಬ ಪದಕ್ಕೆ ಶರಣಾಗತಿಯ ಅರ್ಥ ಅಂಟಿಕೊಳ್ಳುತ್ತದೆ. ಈ ಗ್ರಹಿಕೆಯನ್ನು ಪರಿಶೀಲಿಸಲು ಸಂವಿಧಾನ ಸಭೆಯ ಭಾಷಾ ವಿವಾದವು ಸೂಕ್ತ ನಿದರ್ಶನವಾಗಿದೆ.

ಪುರುಷೋತ್ತಮದಾಸ ಟಂಡನ್ ಮೊದಲಾದವರು ಹಿಂದಿಯ ಪರವಾಗಿ ನಿಂತು, ಅಂಕಿಗಳೂ ದೇವನಾಗರಿಯವೇ ಆಗಿರಬೇಕೆಂದು ಪಟ್ಟುಹಿಡಿದರು. ದಕ್ಷಿಣದ ಅನೇಕ ಸದಸ್ಯರಿಗೆ ಇದು ಹೇರಿಕೆಯಾಗಿ ಕಂಡಿತು. ಇಂತಹ ಹಟವು ದಕ್ಷಿಣದಲ್ಲಿ ಪ್ರತ್ಯೇಕತೆಯನ್ನು ಬಯಸುವವರಿಗೆ ಬಲ ನೀಡುತ್ತದೆಂದು ಟಿ.ಟಿ. ಕೃಷ್ಣಮಾಚಾರಿಯವರು 1948ರಲ್ಲಿಯೇ ಎಚ್ಚರಿಸಿದ್ದರು. 1949ರ ಸೆಪ್ಟೆಂಬರಿನಲ್ಲಿ ಚರ್ಚೆ ಆರಂಭವಾದಾಗ ಅಧ್ಯಕ್ಷ ರಾಜೇಂದ್ರ ಪ್ರಸಾದರು, ಬಹುಮತದಿಂದ ಗೆದ್ದ ನಿರ್ಣಯವೂ ಜನರ ಒಂದು ದೊಡ್ಡ ವರ್ಗಕ್ಕೆ ಒಪ್ಪಿಗೆಯಾಗದಿದ್ದರೆ ಸಂವಿಧಾನವನ್ನು ನಡೆಸುವುದೇ ಕಷ್ಟವಾದೀತೆಂದು ಸಭೆಗೆ ನೆನಪಿಸಿದರು.

ಕೆ.ಎಂ. ಮುನ್ಷಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ರೂಪಿಸಿದ ಸೂತ್ರವು ಇಬ್ಬರಿಗೂ ಅರ್ಧವನ್ನಷ್ಟೇ ಕೊಟ್ಟಿತು. ದೇವನಾಗರಿ ಲಿಪಿಯ ಹಿಂದಿ ಒಕ್ಕೂಟದ ಅಧಿಕೃತ ಭಾಷೆಯಾಯಿತು. ಅಂಕಿಗಳು ಅಂತಾರಾಷ್ಟ್ರೀಯ ರೂಪದಲ್ಲಿ ಉಳಿದವು. ಇಂಗ್ಲಿಷಿಗೆ 15 ವರ್ಷಗಳ ಅವಧಿ ದೊರೆಯಿತು. ‘ರಾಷ್ಟ್ರಭಾಷೆ’ ಎಂಬ ಪದವನ್ನು ಸಂವಿಧಾನವು ಯಾವ ಭಾಷೆಗೂ ನೀಡಲಿಲ್ಲ. ಸೆಪ್ಟೆಂಬರ್ 14ರಂದು ಸಭೆಯು ಇದನ್ನು ಅಂಗೀಕರಿಸಿತು.

ಸೂತ್ರವು ವಿವಾದವನ್ನು ಪರಿಹರಿಸಲಿಲ್ಲ, ಮುಂದೂಡಿತು ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅವಧಿ ಮುಗಿದ 1965ರಲ್ಲಿ ಮದ್ರಾಸ್ ರಾಜ್ಯವು ಹಿಂಸಾತ್ಮಕ ಚಳವಳಿಯನ್ನು ಕಂಡಿತು, ಪ್ರಾಣಹಾನಿಯೂ ಆಯಿತು. 1963ರ ಅಧಿಕೃತ ಭಾಷೆಗಳ ಕಾಯಿದೆಯು ಇಂಗ್ಲಿಷಿನ ಮುಂದುವರಿಕೆಗೆ ಅವಕಾಶ ನೀಡಿತ್ತಾದರೂ ಅದರ ಮಾತು ಸಡಿಲವಾಗಿತ್ತು. 1967ರ ತಿದ್ದುಪಡಿಯು ಈ ಕೊರತೆಯನ್ನು ತುಂಬಿತು: ಹಿಂದಿಯನ್ನು ತಮ್ಮ ಅಧಿಕೃತ ಭಾಷೆಯಾಗಿ ಸ್ವೀಕರಿಸದ ಎಲ್ಲ ರಾಜ್ಯಗಳ ಶಾಸನಸಭೆಗಳೂ, ತರುವಾಯ ಸಂಸತ್ತಿನ ಎರಡೂ ಸದನಗಳೂ ನಿರ್ಣಯ ಕೈಗೊಳ್ಳುವವರೆಗೆ ಇಂಗ್ಲಿಷಿನ ಬಳಕೆ ನಿಲ್ಲದು. ಅಲ್ಪಸಂಖ್ಯೆಯವರ ಭಯಕ್ಕೆ ಭಾಷಣದ ಸಾಂತ್ವನಕ್ಕೆ ಬದಲಾಗಿ ಕಾನೂನಿನ ರಕ್ಷಣೆ ದೊರೆತದ್ದು ಆಗ.

ಇಲ್ಲಿ ಇನ್ನೊಂದು ಮಿತಿಯನ್ನೂ ಹೇಳಬೇಕು. ಒಪ್ಪಂದವು ಹಿಂದಿ ಮತ್ತು ಇಂಗ್ಲಿಷ್ ಪರ ವಾದಗಳ ನಡುವೆ ಏರ್ಪಟ್ಟಿತು. ಕನ್ನಡವೂ ಸೇರಿದಂತೆ 14 ಭಾಷೆಗಳು ಎಂಟನೆಯ ಅನುಸೂಚಿಯಲ್ಲಿ ಸ್ಥಾನ ಪಡೆದವಾದರೂ ಒಕ್ಕೂಟದ ಆಡಳಿತದಲ್ಲಿ ಹಿಂದಿಯ ಹೊರತಾಗಿ ಉಳಿದವುಗಳಿಗೆ ಪಾಲು ದೊರೆಯಲಿಲ್ಲ. ಮಾತುಕತೆಯಲ್ಲಿ ಯಾರ ಹಿತ ಮಂಡಿತವಾಗಲಿಲ್ಲವೋ ಅವರು ರಾಜಿಯ ಬೆಲೆಯನ್ನು ತೆರಬೇಕಾಗುತ್ತದೆ.

ಆದುದರಿಂದ ರಾಜಿಯನ್ನು ಅಳೆಯುವಾಗ ಎರಡು ಪ್ರಶ್ನೆಗಳು ಮುಖ್ಯ: ಸೋತವರು ಮತ್ತೆ ವಾದಿಸಲು ಅದು ಅವಕಾಶ ಉಳಿಸಿದೆಯೇ, ಮತ್ತು ಹೊರಗುಳಿದವರು ಯಾರು? 1949ರ ಸೂತ್ರವು ಮೊದಲನೆಯದಕ್ಕೆ ತೃಪ್ತಿಕರ ಉತ್ತರ ನೀಡುತ್ತದೆ. ಎರಡನೆಯದನ್ನು ಕನ್ನಡಿಗರು ಇಂದಿಗೂ ಕೇಳುತ್ತಿದ್ದಾರೆ.