‘ನಿಲಂ’ ಎಂದರೆ ಬರೇ ನೆಲವಲ್ಲ
ಮನೆ ಕೊಳ್ಳುವವರು ಕೇಳಿ ತಿಳಿಯಬೇಕಾದ ಕೆಲವು ಸಂಗತಿಗಳು

ನಮ್ಮ ಪರಿಚಯದ ಕುಟುಂಬವೊಂದು ಈಚೆಗೆ 10 ಸೆಂಟ್ಸ್ ಜಾಗವನ್ನೂ ಅದರಲ್ಲಿದ್ದ ಹಂಚಿನ ಮನೆಯನ್ನೂ ಕೊಳ್ಳಲು ಹೊರಟಿತು. ದಸ್ತಾವೇಜು ಮಲೆಯಾಳದಲ್ಲಿತ್ತು. ಶಾಲೆಯಲ್ಲಿ ಮಲೆಯಾಳ ಕಲಿತ ನೆರೆಮನೆಯ ಹುಡುಗನಿಂದ ಓದಿಸಿದರು. ಜಾಗದ ತರ ‘ನಿಲಂ’ ಎಂದಿತ್ತು. ನೆಲ ತಾನೆ, ಮತ್ತೇನು ಎಂದುಕೊಂಡು ಮುಂಗಡ ಕೊಟ್ಟರು. ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಅಲ್ಲಿಯ ವಕೀಲರು ಕಾಗದವನ್ನು ಹಿಂದೆ ಕೊಟ್ಟರು. ಕಂದಾಯದ ಮಲೆಯಾಳದಲ್ಲಿ ‘ನಿಲಂ’ ಎಂದರೆ ಗದ್ದೆ. ಮನೆ ಹಿತ್ತಿಲಿಗೆ ಬೇಕಾದ ಶಬ್ದ ‘ಪುರಯಿಡಂ’.

2008ರ ಕೇರಳ ಭತ್ತದ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಕಾನೂನಿನ ಮೇಲೆ ಈ ಒಂದು ಶಬ್ದದ ಬೆಲೆ ಬಹಳ ಏರಿದೆ. ಜಾಗ ಕಣ್ಣಿಗೆ ಒಣಭೂಮಿಯಾಗಿ ಕಂಡರೆ ಸಾಲದು, ದಾಖಲೆಯಲ್ಲಿಯೂ ಹಾಗೆ ಇರಬೇಕು. ಕೃಷಿಭವನದಲ್ಲಿ ಡಾಟಾ ಬ್ಯಾಂಕ್ ಎಂಬ ಪಟ್ಟಿಯುಂಟು. ಅದರಲ್ಲಿ ಸರ್ವೆ ನಂಬ್ರ ಸೇರಿದೆಯೇ ಎಂದು ಮೊದಲು ನೋಡತಕ್ಕದ್ದು. ಸೇರಿರದೆ, 2008ಕ್ಕೆ ಮೊದಲೇ ತುಂಬಿಸಿದ ಜಾಗವಾದರೆ, 2018ರ ತಿದ್ದುಪಡಿಯ ಪ್ರಕಾರ ತರ ಬದಲಾವಣೆಗೆ ಕಂದಾಯ ಇಲಾಖೆಗೆ ಅರ್ಜಿ ಕೊಡಬಹುದು. ಅದನ್ನು ಮಾರುವವರೇ ಮಾಡಿಸಿ ಕೊಡಲಿ. ಕೊಂಡ ಮೇಲೆ ಅಲೆದಾಟ ನಮ್ಮ ಪಾಲಿಗೆ ಬರುತ್ತದೆ.

ಶಬ್ದಗಳ ಮಾತು ಬಂದುದರಿಂದ ಇನ್ನೂ ಕೆಲವನ್ನು ಹೇಳಿಬಿಡೋಣ. ‘ಆಧಾರಂ’ ಎಂದರೆ ನೋಂದಾಯಿತ ದಸ್ತಾವೇಜು. (ಆಧಾರ್ ಕಾರ್ಡು ಬಂದ ಮೇಲೆ ಈ ಹೆಸರಿನಿಂದ ಆಗುವ ಗೊಂದಲ ಹೇಳಿ ಮುಗಿಯದು.) ‘ಮುನ್ನಾಧಾರಂ’ ಅದರ ಹಿಂದಿನದು. ‘ಪೋಕ್ಕುವರವ್’ ಎಂದರೆ ವಿಲೇಜು ಆಫೀಸಿನಲ್ಲಿ ಖಾತೆ ಬದಲಾವಣೆ. ‘ತಂಡಪ್ಪೇರ್’ ಎಂಬುದು ತೆರಿಗೆ ಕಟ್ಟುವವನ ಖಾತೆ. ಅಳತೆಯನ್ನು ಆರ್ ಲೆಕ್ಕದಲ್ಲಿ ಬರೆಯುತ್ತಾರೆ. ಒಂದು ಆರ್ ಎಂದರೆ ಸುಮಾರು 2.47 ಸೆಂಟ್ಸ್. 10 ಸೆಂಟ್ಸ್ ಕೊಳ್ಳುವವರು ಕಾಗದದಲ್ಲಿ 4.05 ಆರ್ ಇದೆಯೇ ಎಂದು ನೋಡಿಕೊಳ್ಳಬೇಕು.

ಭೂಕಂದಾಯದ ರಶೀದಿ ಮಾರುವವನ ಹೆಸರಿನಲ್ಲಿಯೇ ಇದೆ, ಅದು ಸಾಲದೇ ಎಂದು ಕೇಳುವವರು ಅನೇಕರು. ಸಾಲದು. ತೆರಿಗೆ ಕಟ್ಟಿದ ಮಾತ್ರಕ್ಕೆ, ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಹಕ್ಕು ಮುನ್ನಾಧಾರಗಳ ಸರಪಣಿಯಲ್ಲಿದೆ. ಆ ಸರಪಣಿಯನ್ನು ಹಿಂದಕ್ಕೆ ಹಿಡಿದು ಹೋದರೆ ನಮ್ಮ ಸೀಮೆಯಲ್ಲಿ ಒಂದು ವಿಶೇಷ ಕಾಣುತ್ತದೆ. 1956ರ ನವೆಂಬರ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಳೆಯ ಕಾಗದಗಳು ಕನ್ನಡದಲ್ಲಿವೆ, ವರ್ಗ, ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಅವುಗಳಲ್ಲಿವೆ. ಮಗ್ಗುಲಲ್ಲಿ ಕುಳಿತು ಓದಿ ಹೇಳಬಲ್ಲ ಅಜ್ಜಂದಿರು ಕಡಮೆಯಾಗುತ್ತಿದ್ದಾರೆ. ಗೇಣಿಯ ಜಾಗವಾಗಿದ್ದರೆ, 1970ರ ಜನವರಿ 1ರಂದು ಭೂಮಾಲಿಕನ ಹಕ್ಕು ಸರಕಾರಕ್ಕೆ ಸೇರಿದ ಮೇಲೆ ಲ್ಯಾಂಡ್ ಟ್ರಿಬ್ಯೂನಲಿನಿಂದ ಕ್ರಯ ಸರ್ಟಿಫಿಕೇಟು ಆಗಿದೆಯೇ ಎಂದು ಕೇಳಲೇಬೇಕು.

ಅಳಿಯಸಂತಾನದ ಮನೆತನಗಳ ಆಸ್ತಿಯಲ್ಲಿ ಇನ್ನೊಂದು ತೊಡಕು ಉಂಟು. ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನು ರದ್ದುಗೊಳಿಸಿದ ಕೇರಳದ 1975ರ ಕಾನೂನು 1976ರ ಡಿಸೆಂಬರ 1ರಂದು ಜಾರಿಗೆ ಬಂತು. ಅಂದು ಜೀವಂತರಾಗಿದ್ದ ಸದಸ್ಯರೆಲ್ಲರಿಗೂ, ತೊಟ್ಟಿಲ ಕೂಸಿಗೂ ಕೂಡ, ತಲೆಗೊಂದರಂತೆ ಪಾಲು ಬಿದ್ದಂತಾಯಿತು. ಹಿಂದಿನಂತೆ ಯಜಮಾನನೊಬ್ಬ ಸಹಿ ಹಾಕಿದರೆ ಆಗಲಿಲ್ಲ. ಬೊಂಬಾಯಿಯಲ್ಲಿ ಹೊಟೇಲು ನಡೆಸುವ ತಮ್ಮ, ಘಟ್ಟದ ಮೇಲೆ ಮದುವೆಯಾಗಿ ಹೋದ ತಂಗಿಯ ಮಕ್ಕಳು, ಎಲ್ಲರೂ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಪಾಲುಪಟ್ಟಿ ಇರಬೇಕು. ಪವರ್ ಆಫ್ ಅಟಾರ್ನಿ ಹಿಡಿದು ಬಂದವರಲ್ಲಿ ‘ಕೊಟ್ಟವರು ಬದುಕಿದ್ದಾರೆಯೇ?’ ಎಂದು ಕೇಳಲು ಸಂಕೋಚ ಬೇಡ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ತೀರುತ್ತದೆ.

ಬಾಧ್ಯತಾ ಸರ್ಟಿಫಿಕೇಟನ್ನು ಎಲ್ಲರೂ ತೆಗೆಯುತ್ತಾರೆ, ಒಳ್ಳೆಯದೇ. ಆದರೆ ಅದು ಸಬ್‌ರಿಜಿಸ್ಟ್ರಾರರ ಪುಸ್ತಕದಲ್ಲಿ ಇದ್ದುದನ್ನು ಮಾತ್ರ ಹೇಳುತ್ತದೆ. ಮೂಲ ದಸ್ತಾವೇಜನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದದ್ದು ಅದರಲ್ಲಿ ಕಾಣದೆ ಹೋಗಬಹುದು. ಆದುದರಿಂದ ನಕಲು ತೋರಿಸಿ ‘ಅಸಲು ಮನೆಯಲ್ಲಿದೆ’ ಎನ್ನುವವರಿಗೆ ಮುಂಗಡ ಕೊಡಬಾರದು.

ಕರಾರುಪತ್ರವೂ ಹಾಗೆಯೇ. 1882ರ ಸ್ವತ್ತು ವರ್ಗಾವಣೆ ಕಾನೂನಿನಂತೆ ಕರಾರಿನಿಂದ ಮನೆಯ ಮೇಲೆ ಹಕ್ಕು ಬರುವುದಿಲ್ಲ. ಮಾರುವವನು ಹಿಂಜರಿದರೆ, ನಿಗದಿಯಾದ ತಾರೀಕಿನಿಂದ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಮುಂಗಡ 20,000 ರೂಪಾಯಿ ಅಥವಾ ಮೇಲ್ಪಟ್ಟಿದ್ದರೆ ನಗದಾಗಿ ಪಡೆಯುವಂತಿಲ್ಲವೆಂದು 2015ರಲ್ಲಿ ಆದಾಯ ತೆರಿಗೆಯ ನಿಯಮವಾಗಿದೆ. ಖರ್ಚಿನ ಲೆಕ್ಕ ಹಾಕುವವರು ಕೇರಳದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿ ಶುಲ್ಕ ನೂರಕ್ಕೆ 2 ಎಂಬುದನ್ನು ಸೇರಿಸಿಕೊಳ್ಳಲಿ.

ಆಧಾರ ಬರೆಯುವವರು ಇದನ್ನೆಲ್ಲ ನೋಡುವುದಿಲ್ಲವೇ? ಅವರ ಕೆಲಸ ನಾವು ಹೇಳಿದ್ದನ್ನು ಕ್ರಮವಾಗಿ ಬರೆಯುವುದು. ಹಕ್ಕಿನ ಪರಿಶೀಲನೆ ವಕೀಲರದು. ಬ್ಯಾಂಕಿನ ವಕೀಲರು ನೋಡಿದರೆ ಸಾಕೆಂದು ನಂಬುವವರಿದ್ದಾರೆ. ಅವರು ನೋಡುವುದು ಬ್ಯಾಂಕಿನ ಹಣದ ಭದ್ರತೆಯನ್ನು. ನಮಗೆ ನಮ್ಮ ವಕೀಲರೇ ಬೇಕು.

ಇನ್ನು ಭಾಷೆಯ ಮಾತು. 1908ರ ನೋಂದಣಿ ಕಾನೂನಿನ 19ನೇ ಕಲಮಿನಂತೆ, ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲೂ ಇಲ್ಲದ ಭಾಷೆಯ ದಸ್ತಾವೇಜಿಗೆ ಮಾತ್ರ ಭಾಷಾಂತರ ಕೇಳಬಹುದು. ಕನ್ನಡ ಈ ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲವೆಂದು ಯಾರು ಹೇಳಿಯಾರು? ಕನ್ನಡದಲ್ಲಿ ಮನವಿ ಕೊಡಲು ಸಂವಿಧಾನದ 350ನೇ ವಿಧಿಯ ಬಲವೂ, ಕೇರಳದ 1969ರ ಆಡಳಿತ ಭಾಷಾ ಕಾನೂನಿನ ಬಲವೂ ಇದೆ. ಇಷ್ಟಾದರೂ ದಸ್ತಾವೇಜು ಮಲೆಯಾಳದಲ್ಲಿಯೇ ಆಗುವುದಾದರೆ, ಕರಡನ್ನು ಎರಡು ದಿನ ಮೊದಲು ಮನೆಗೆ ತಂದು, ಎರಡೂ ಭಾಷೆ ಬಲ್ಲವರಿಂದ ಪೂರ್ತಿ ಓದಿಸಿ, ‘ಕನ್ನಡದಲ್ಲಿ ಓದಿ ಹೇಳಿ ತಿಳಿದು ಸಹಿ ಮಾಡಿದ್ದು’ ಎಂಬ ಸಾಲನ್ನು ಕೊನೆಗೆ ಬರೆಸಿಕೊಳ್ಳುವುದು ಲೇಸು.

ಮೇಲೆ ಹೇಳಿದ ಕುಟುಂಬದವರ ಮುಂಗಡದಲ್ಲಿ ಅರ್ಧ ಹಿಂದೆ ಬಂದಿದೆ. ಉಳಿದ ಅರ್ಧಕ್ಕಾಗಿ ಅವರು ಈಗ ವಕೀಲರ ಮನೆಗೆ ನಡೆಯುತ್ತಿದ್ದಾರೆ.