ಫಿಟ್ಸ್‌ಗೆ ಎರಡು ಮಾತ್ರೆ: ಯಾರಿಗೆ ಯಾವುದು, ಯಾಕೆ?

ಫಿಟ್ಸ್‌ಗೆ ಡಾಕ್ಟರು ಬರೆಯುವ ಚೀಟಿಗಳಲ್ಲಿ ಎರಡು ಹೆಸರು ಪದೇ ಪದೇ ಕಾಣಿಸುತ್ತವೆ: ಸೋಡಿಯಂ ವಾಲ್‌ಪ್ರೊಯೇಟ್ ಮತ್ತು ಲೆವೆಟಿರಾಸೆಟಮ್. ಪಕ್ಕದ ಮನೆಯ ಹುಡುಗನಿಗೆ ಒಗ್ಗಿದ ಮಾತ್ರೆಯನ್ನು ನಮ್ಮ ಮಗಳಿಗೆ ಯಾಕೆ ಕೊಡಲಿಲ್ಲ ಎಂದು ತಾಯಂದಿರು ಕೇಳುವುದುಂಟು. ಫಿಟ್ಸ್ ತಡೆಯುವ ಶಕ್ತಿಯಷ್ಟೇ ನೋಡಿದರೆ ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಗದು. ಮಾತ್ರೆಯ ತೊಂದರೆ ಯಾರಿಗೆ ತಟ್ಟುತ್ತದೆ, ಮೊದಲು ಯಾರ ಗಮನಕ್ಕೆ ಬರುತ್ತದೆ ಎಂಬುದನ್ನೂ ನೋಡಬೇಕು.

ಕೆಲಸ ಮಾಡುವ ಬಗೆ

ಮಿದುಳಿನ ನರಕೋಶಗಳು ಹತೋಟಿ ಮೀರಿ ಒಟ್ಟಿಗೇ ವಿದ್ಯುತ್ ಸಂಕೇತ ಹೊರಡಿಸಿದಾಗ ಫಿಟ್ಸ್ ಬರುತ್ತದೆ. ವಾಲ್‌ಪ್ರೊಯೇಟ್ ಇದನ್ನು ಹಲವು ಕಡೆಯಿಂದ ತಡೆಯುತ್ತದೆ. ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ, ಸಂಕೇತ ಹೊರಡಲು ಬೇಕಾದ ಸೋಡಿಯಂ ದ್ವಾರಗಳನ್ನೂ ಬಿಗಿಮಾಡುತ್ತದೆ. ಇದರ ಗುಣ ತಿಳಿದದ್ದು ಆಕಸ್ಮಿಕವಾಗಿ. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಪಿಯರ್ ಎಮಾರ್ ಬೇರೆ ಔಷಧಗಳನ್ನು ಪರೀಕ್ಷಿಸಲು ವಾಲ್‌ಪ್ರೊಯಿಕ್ ಆಮ್ಲದಲ್ಲಿ ಕರಗಿಸುತ್ತಿದ್ದರು. ಯಾವ ಔಷಧ ಹಾಕಿದರೂ ಸೆಳೆತ ನಿಲ್ಲುತ್ತಿತ್ತು. ಗುಣವಿದ್ದದ್ದು ಕರಗಿಸಿದ ದ್ರವದಲ್ಲೇ! 1967ರಲ್ಲಿ ಅದು ಫ್ರಾನ್ಸಿನಲ್ಲಿ ಔಷಧವಾಗಿ ಬಳಕೆಗೆ ಬಂತು.

ಲೆವೆಟಿರಾಸೆಟಮ್ ಹೊಸತು, ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ನರಕೋಶದ ತುದಿಯಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲಗಳಿರುತ್ತವೆ. ಆ ಚೀಲಗಳ ಮೇಲಿನ ಎಸ್‌ವಿ2ಎ ಎಂಬ ಪ್ರೋಟೀನಿಗೆ ಇದು ಅಂಟಿಕೊಂಡು, ಅತಿಯಾದ ಬಿಡುಗಡೆಗೆ ಕಡಿವಾಣ ಹಾಕುತ್ತದೆ.

ಫಿಟ್ಸ್ ಯಾವ ಬಗೆಯದು?

ಫಿಟ್ಸ್ ಮಿದುಳಿನ ಒಂದು ಭಾಗದಲ್ಲಿ ಶುರುವಾಗಬಹುದು, ಇಲ್ಲವೇ ಎರಡೂ ಕಡೆ ಒಮ್ಮೆಗೇ. ಎರಡನೆಯ ಬಗೆಯಲ್ಲಿ ವಾಲ್‌ಪ್ರೊಯೇಟ್‌ನ ಕೈ ಮೇಲು. ಈ ಬಗೆಯ ಮತ್ತು ಬಗೆ ಸ್ಪಷ್ಟವಾಗದ 520 ರೋಗಿಗಳನ್ನು ಸೇರಿಸಿಕೊಂಡು ಬ್ರಿಟನ್ನಿನಲ್ಲಿ ನಡೆದ ಸನಾಡ್-2 ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಫಿಟ್ಸ್ ಹಿಡಿತಕ್ಕೆ ತರುವುದರಲ್ಲಿ ಲೆವೆಟಿರಾಸೆಟಮ್ ವಾಲ್‌ಪ್ರೊಯೇಟನ್ನು ಸರಿಗಟ್ಟಲಿಲ್ಲ. ಒಂದು ಭಾಗದಲ್ಲಿ ಹುಟ್ಟುವ ಫಿಟ್ಸ್‌ಗೆ ಲೆವೆಟಿರಾಸೆಟಮ್ ವ್ಯಾಪಕವಾಗಿ ಬಳಕೆಯಲ್ಲಿದೆ. ಮಿದುಳಿನೊಳಗೆ ಲಾಡಿಹುಳುವಿನ ಮರಿ ಸೇರಿ ಬರುವ ಫಿಟ್ಸ್ ಇದಕ್ಕೊಂದು ಉದಾಹರಣೆ.

ಬಗೆ ಗುರುತಿಸುವ ಸುಳಿವು ಮನೆಯಲ್ಲೇ ಸಿಗಬಹುದು. ಹದಿಹರೆಯದವರೊಬ್ಬರ ಕೈ ಬೆಳಗ್ಗೆ ಎದ್ದ ಹೊತ್ತಿನಲ್ಲಿ ಫಕ್ಕನೆ ಜರ್ಕ್ ಹೊಡೆದು ಕಾಫಿ ಲೋಟ ಬೀಳುತ್ತದೆ. ಮನೆಯವರು ‘ನಿದ್ದೆಗಣ್ಣು’ ಎಂದು ಬೈದು ಸುಮ್ಮನಾಗುತ್ತಾರೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದ ಮರುಬೆಳಗ್ಗೆ ದೊಡ್ಡ ಫಿಟ್ಸ್ ಬಂದಾಗಲೂ ಆ ಲೋಟದ ಸಂಗತಿ ಡಾಕ್ಟರಿಗೆ ಹೇಳುವುದಿಲ್ಲ. ಅದು ಹದಿಹರೆಯದಲ್ಲಿ ಶುರುವಾಗುವ ವಿಶಿಷ್ಟ ಬಗೆಯ ಅಪಸ್ಮಾರವಿರಬಹುದು. ಕಾರ್ಬಮಜೆಪಿನ್‌ನಂಥ ಕೆಲವು ಮಾತ್ರೆಗಳು ಅದನ್ನು ಉಲ್ಬಣಿಸಬಲ್ಲವು. ವಾಲ್‌ಪ್ರೊಯೇಟ್ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಆದರೆ ಹುಡುಗಿಯಾದರೆ ಲೆಕ್ಕಾಚಾರವೇ ಬೇರೆ.

ತೊಂದರೆ ಯಾರಿಗೆ ಕಾಣುತ್ತದೆ?

ವಾಲ್‌ಪ್ರೊಯೇಟ್‌ನ ಹಲವು ತೊಂದರೆಗಳು ರೋಗಿಗೇ ಕಾಣುತ್ತವೆ. ಬಾಚಣಿಗೆಯಲ್ಲಿ ಕೂದಲು ಬರುತ್ತದೆ, ಹಸಿವು ಹೆಚ್ಚಿ ತೂಕ ಏರುತ್ತದೆ, ಬರೆಯುವಾಗ ಕೈ ನಡುಗುತ್ತದೆ. ಅಪರೂಪವಾದರೂ ಅಪಾಯದ್ದು ಯಕೃತ್ತಿನ ಹಾನಿ; ಎರಡು ವರ್ಷದೊಳಗಿನ ಮಕ್ಕಳಿಗೆ ಇದರ ಭಯ ಜಾಸ್ತಿ. ನಿಲ್ಲದ ವಾಂತಿ, ತೂಕಡಿಕೆ, ಕಾಮಾಲೆ, ತೀವ್ರ ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಲೆವೆಟಿರಾಸೆಟಮ್‌ನದು ಮನೆಯವರು ಮೊದಲು ಗುರುತಿಸುವ ತೊಂದರೆ. ‘ಮಾತ್ರೆ ಶುರುವಾದ ಮೇಲೆ ಸಣ್ಣದಕ್ಕೂ ಸಿಡುಕ್ತಾನೆ, ತಟ್ಟೆ ಎಸೀತಾನೆ’ ಎಂದು ಹೆಂಡತಿಯೋ ತಾಯಿಯೋ ಹೇಳುವವರೆಗೆ ರೋಗಿಗೆ ಅದು ಮಾತ್ರೆಯಿಂದ ಎಂಬ ಅರಿವೇ ಇರುವುದಿಲ್ಲ. ಒಪ್ಪಿಗೆಗೆ ಮುನ್ನ ನಡೆದ ಪರೀಕ್ಷೆಗಳಲ್ಲಿ ಈ ಬಗೆಯ ವರ್ತನೆಯ ಬದಲಾವಣೆ ನೂರಕ್ಕೆ 13 ಮಂದಿ ವಯಸ್ಕರಲ್ಲಿ ಕಂಡಿತ್ತು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 6 ಮಂದಿಯಲ್ಲಿ ಕಂಡಿತ್ತು. ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಕೆಲವರಿಗೆ ಖಿನ್ನತೆ ಕವಿಯುತ್ತದೆ. ಸಾಯುವ ಮಾತು ಬಂದರೆ ಅಂದೇ ಡಾಕ್ಟರನ್ನು ಕಾಣಬೇಕು. ಉಳಿದ ಬಹಳ ಮಂದಿಗೆ ಆರಂಭದ ತೂಕಡಿಕೆ ಬಿಟ್ಟರೆ ಹೆಚ್ಚಿನ ತೊಂದರೆಯಿಲ್ಲ.

ಇನ್ನೊಂದು ತೊಂದರೆ ತಟ್ಟುವುದು ಹುಟ್ಟಲಿರುವ ಮಗುವಿಗೆ. ಬಸುರಿನಲ್ಲಿ ತಾಯಿ ವಾಲ್‌ಪ್ರೊಯೇಟ್ ನುಂಗಿದ್ದರೆ ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಬೆನ್ನುಹುರಿಯ ದೋಷದಂಥ ಅಂಗವೈಕಲ್ಯ ಇರುತ್ತದೆ. ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಮಾತು, ಕಲಿಕೆ, ನಡವಳಿಕೆಯಲ್ಲಿ ತೊಡಕು ಬರಬಹುದು. ಫೋಲಿಕ್ ಆಸಿಡ್ ಮಾತ್ರೆಯಿಂದ ಈ ಅಪಾಯ ಪೂರ್ತಿ ತಪ್ಪದು. ಲೆವೆಟಿರಾಸೆಟಮ್‌ನಲ್ಲಿ ಅಂಗವೈಕಲ್ಯದ ಪ್ರಮಾಣ ಸಾಮಾನ್ಯ ಬಸುರಿಗಿಂತ ಹೆಚ್ಚು ಕಂಡಿಲ್ಲ. ಹಾಗಾಗಿ ಹುಡುಗಿಗೆ ಡಾಕ್ಟರು ವಾಲ್‌ಪ್ರೊಯೇಟ್ ಬರೆಯಲು ಹಿಂಜರಿಯುತ್ತಾರೆ. ಅದನ್ನು ಈಗಾಗಲೇ ನುಂಗುತ್ತಿರುವವರು ಬಸುರಿ ಎಂದು ಗೊತ್ತಾದ ಕೂಡಲೇ ಗಾಬರಿಯಿಂದ ಬಿಟ್ಟುಬಿಡುವುದೂ ಅಪಾಯವೇ. ಫಿಟ್ಸ್ ಮರುಕಳಿಸಿದರೆ ತಾಯಿ, ಮಗು ಇಬ್ಬರಿಗೂ ಕುತ್ತು. ಮಾತ್ರೆ ಬದಲಿಸುವುದಿದ್ದರೆ ಮದುವೆಗೆ, ಬಸುರಿಗೆ ಮುಂಚೆಯೇ ಡಾಕ್ಟರ ಜತೆ ಮಾತಾಡಬೇಕು. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಬಚ್ಚಿಟ್ಟು ನುಂಗುವವರಿಗೆ ಡೋಸ್ ತಪ್ಪುವುದು ಖಂಡಿತ. ಅಪಸ್ಮಾರವನ್ನು ಮದುವೆ ರದ್ದತಿಗೆ ಕಾರಣವಾಗಿಸಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ.

ನುಂಗುವಾಗ

ಲೆವೆಟಿರಾಸೆಟಮ್‌ನ ಹೆಚ್ಚು ಪಾಲು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಕಿಡ್ನಿ ದುರ್ಬಲವಾಗಿದ್ದರೆ ಡೋಸ್ ಇಳಿಸಬೇಕು. ಬೇರೆ ಔಷಧಗಳ ಜತೆ ಇದರ ತಕರಾರು ಕಡಿಮೆಯಾದ್ದರಿಂದ ಹತ್ತಾರು ಮಾತ್ರೆ ನುಂಗುವ ವೃದ್ಧರಿಗೆ ಅನುಕೂಲ. ಆದರೆ ವಯಸ್ಕರ ರಕ್ತದಲ್ಲಿ ಆರರಿಂದ ಎಂಟು ಗಂಟೆಗೇ ಇದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಸಾದಾ ಮಾತ್ರೆಯನ್ನು ದಿನಕ್ಕೆರಡು ಸಲ ನುಂಗಬೇಕಿರುವುದು ಅದಕ್ಕೇ. ಉಪವಾಸದ ದಿನವೂ ಬಿಡುವಂತಿಲ್ಲ.

ವಾಲ್‌ಪ್ರೊಯೇಟನ್ನು ಒಡೆದು ಹೊರಹಾಕುವ ಕೆಲಸ ಹೆಚ್ಚಾಗಿ ಯಕೃತ್ತಿನದು. ಲ್ಯಾಮೋಟ್ರಿಜಿನ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆಯ ಪ್ರಮಾಣವನ್ನು ಇದು ರಕ್ತದಲ್ಲಿ ಸುಮಾರು ದುಪ್ಪಟ್ಟು ಮಾಡುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಮೆರೊಪೆನಮ್ ಎಂಬ ಆಂಟಿಬಯೋಟಿಕ್ ಇದರದೇ ಪ್ರಮಾಣವನ್ನು ಕುಸಿಯುವಂತೆ ಮಾಡಿ ಫಿಟ್ಸ್ ಮರಳಿಸಬಲ್ಲದು. ಆದ್ದರಿಂದ ಯಾವ ಕಾಯಿಲೆಗೆ ಅಡ್ಮಿಟ್ ಆದರೂ ಮೊದಲು ಈ ಮಾತ್ರೆಯ ಹೆಸರು ಹೇಳಬೇಕು. ನಿಧಾನವಾಗಿ ಕರಗುವ ಮಾತ್ರೆಯನ್ನು ಜಗಿಯಬಾರದು, ಪುಡಿ ಮಾಡಬಾರದು.

ಡಾಕ್ಟರ ಹತ್ತಿರ ಹೋಗುವಾಗ ಫಿಟ್ಸ್ ಬಂದದ್ದರ ಮೊಬೈಲ್ ವಿಡಿಯೊ, ದಿನಾಂಕಗಳ ಪಟ್ಟಿ, ನುಂಗುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಸಿಡುಕನ್ನು ಕಂಡ ಮನೆಯವರೊಬ್ಬರು ಜತೆಗಿರಲಿ. ಎರಡು ವರ್ಷ ಫಿಟ್ಸ್ ಬರದಿದ್ದರೆ ಕೆಲವರಿಗೆ ಮಾತ್ರೆ ಇಳಿಸುವ ಯೋಚನೆ ಮಾಡಬಹುದು. ಬೆಳಗಿನ ಜರ್ಕ್ ಬಗೆಯವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಎರಡರಲ್ಲಿ ಯಾವ ಮಾತ್ರೆಯಾದರೂ ಇಳಿಸುವುದು ಹಂತಹಂತವಾಗಿ, ಡಾಕ್ಟರು ಹೇಳಿದ ಲೆಕ್ಕದಲ್ಲೇ.