ಕತ್ತಿ ಹೋಯ್ತು, ಬ್ಯಾಂಡೇಜ್ ಉಳೀತು

ಸೇಂಟ್ ಜಾನ್ ಆಂಬುಲೆನ್ಸ್‌ನ ಎಂಟು ಮೊನೆಯ ಬಿಳಿ ಶಿಲುಬೆಯನ್ನು ನೀವು ಎಲ್ಲಾದ್ರೂ ನೋಡಿರ್ತೀರಿ. ಪ್ರಥಮ ಚಿಕಿತ್ಸೆ ಕಲಿಸುವ ಸಂಸ್ಥೆ, ಅಷ್ಟೇ ತಾನೇ ಅನ್ನಿಸುತ್ತೆ. ಆದರೆ ಆ ಶಿಲುಬೆಗೆ ಸುಮಾರು ಒಂಬೈನೂರು ವರ್ಷದ ಕಥೆ ಇದೆ. ಅದು ಶುರುವಾಗೋದು ಜೆರುಸಲೇಮ್‌ನಲ್ಲಿ.

11ನೇ ಶತಮಾನದಲ್ಲಿ ಇಟಲಿಯ ಅಮಾಲ್ಫಿಯ ವ್ಯಾಪಾರಿಗಳು ಅಲ್ಲಿ ಯಾತ್ರಿಕರಿಗೆ ಒಂದು ಆಸ್ಪತ್ರೆ ಕಟ್ಟಿಸಿದರು. ಅದನ್ನು ನಡೆಸುತ್ತಿದ್ದ ಸಂನ್ಯಾಸಿಗಳ ಸಂಘಕ್ಕೆ 1113ರಲ್ಲಿ ಪೋಪ್ ಮಾನ್ಯತೆ ಕೊಟ್ಟರು. ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಕ್ರುಸೇಡ್ ಯುದ್ಧಗಳ ಕಾಲದಲ್ಲಿ ಕತ್ತಿಯನ್ನೂ ಹಿಡಿದರು. ಜೆರುಸಲೇಮ್ ಕೈತಪ್ಪಿದ ಮೇಲೆ ರೋಡ್ಸ್ ದ್ವೀಪ, 1530ರಿಂದ ಮಾಲ್ಟಾ. 1798ರಲ್ಲಿ ನೆಪೋಲಿಯನ್ ಮಾಲ್ಟಾವನ್ನೂ ಕಿತ್ತುಕೊಂಡ. ಮೂಲ ಸಂಘ ಈಗ ರೋಮ್‌ನಲ್ಲಿದೆ. ಸ್ವಂತ ದೇಶ ಇಲ್ಲದಿದ್ರೂ ನೂರಕ್ಕೂ ಹೆಚ್ಚು ದೇಶಗಳ ಜೊತೆ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿದೆ!

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇಂಗ್ಲೆಂಡ್ ಶಾಖೆ. ಅದನ್ನು 1540ರಲ್ಲಿ ಎಂಟನೇ ಹೆನ್ರಿ ಮುಚ್ಚಿಸಿದ್ದ. 1830ರ ದಶಕದಲ್ಲಿ ಕೆಲವರು ಮತ್ತೆ ಶುರು ಮಾಡಿದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದೊಂದು ಫೋರ್ಕ್. ಮೂಲ ಪ್ರಾಜೆಕ್ಟ್‌ನವರು, ಅಂದ್ರೆ ರೋಮ್‌ನವರು, 'ಇದು ನಮ್ಮದಲ್ಲ' ಅಂದುಬಿಟ್ಟರು. ಮಾನ್ಯತೆ ಇಲ್ಲ, ರಕ್ಷಿಸೋಕೆ ಯಾತ್ರಿಕರೂ ಇಲ್ಲ. ಹಾಗಾದ್ರೆ ನೈಟ್ ಅನ್ನಿಸಿಕೊಂಡು ಮಾಡೋದಾದ್ರೂ ಏನು?

ಉತ್ತರ ಸಿಕ್ಕಿದ್ದು ಗಾಯಾಳುಗಳಲ್ಲಿ. ಗಣಿ, ರೈಲ್ವೆ, ಕಾರ್ಖಾನೆಗಳಲ್ಲಿ ಅಪಘಾತ ಆದ್ರೆ ಡಾಕ್ಟರ್ ಬರೋ ತನಕ ಪಕ್ಕದಲ್ಲಿದ್ದವರಿಗೆ ಏನು ಮಾಡಬೇಕೆಂದೇ ಗೊತ್ತಿರುತ್ತಿರಲಿಲ್ಲ. 1877ರಲ್ಲಿ ಈ ಸಂಘ ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆ ಕಲಿಸಲು ಸೇಂಟ್ ಜಾನ್ ಆಂಬುಲೆನ್ಸ್ ಅಸೋಸಿಯೇಷನ್ ಸ್ಥಾಪಿಸಿತು. ಮರುವರ್ಷ ಸೇನಾ ವೈದ್ಯ ಪೀಟರ್ ಶೆಫರ್ಡ್ ಲಂಡನ್ನಿನ ವೂಲಿಚ್‌ನಲ್ಲಿ ಪಾಠ ಮಾಡಿದರು. 1882ರಲ್ಲಿ ಸಂಘ ಜೆರುಸಲೇಮ್‌ನಲ್ಲೇ ಕಣ್ಣಾಸ್ಪತ್ರೆ ತೆರೆಯಿತು. ಅದು ಇವತ್ತಿಗೂ ನಡೀತಿದೆ. ವಿಕ್ಟೋರಿಯಾ ರಾಣಿಯ ಸನ್ನದು ಸಿಕ್ಕಿದ್ದು 1888ರಲ್ಲಿ, ಅಂದ್ರೆ ಕೆಲಸ ಶುರುವಾದ ಮೇಲೆ. ರೋಮ್‌ನವರ ಜೊತೆ ಒಪ್ಪಂದ ಆಗಿದ್ದು 1963ರಲ್ಲಿ!

ನಿಲುವಂಗಿ, ಪದವಿ, ಸಮಾರಂಭ ಈಗಲೂ ಇವೆ. ಬ್ರಿಟನ್ನಿನ ದೊರೆಯೇ ಸಂಘದ ಮುಖ್ಯಸ್ಥ. ಇದೆಲ್ಲಾ ಬರೀ ಶೋಕಿ ಅಲ್ವಾ ಅಂತ ಕೇಳಬಹುದು. ದುಡ್ಡು ಕೊಟ್ರೆ ನೈಟ್ ಪಟ್ಟ ಕೊಡೋ ನಕಲಿ ಸಂಘಗಳೂ ಇರೋದ್ರಿಂದ ಈ ಅನುಮಾನ ಸಹಜ. ನನ್ನ ಮಟ್ಟಿಗೆ ಪರೀಕ್ಷೆ ಸರಳ: ಪದವಿ ತೆಗೆದುಹಾಕಿದರೆ ಏನು ಉಳಿಯುತ್ತೆ? ಇಲ್ಲಿ ಉಳಿಯೋದು ಮ್ಯಾಚು, ಮ್ಯಾರಥಾನ್‌ಗಳಲ್ಲಿ ಕಿಟ್ ಹಿಡಿದು ನಿಲ್ಲುವ ಸ್ವಯಂಸೇವಕರು. ಕೋವಿಡ್ ಲಸಿಕೆ ಹಾಕೋಕೂ ಇಂಗ್ಲೆಂಡಿನಲ್ಲಿ ಅವರು ನಿಂತಿದ್ದರು. ಅವರಲ್ಲಿ ಹೆಚ್ಚಿನವರು ನೈಟ್‌ಗಳೇನೂ ಅಲ್ಲ.

ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬಂದ ಸೇಂಟ್ ಜಾನ್ ಆಂಬುಲೆನ್ಸ್ ಇಲ್ಲೂ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತೆ. ನಮ್ಮ 1948ರ ಕಾರ್ಖಾನೆ ಕಾಯ್ದೆ ಕೂಡ 150 ಕಾರ್ಮಿಕರಿಗೊಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಅದನ್ನು ನೋಡಿಕೊಳ್ಳಲು ತರಬೇತಿ ಪಡೆದ ವ್ಯಕ್ತಿ ಇರಬೇಕು ಅಂದಿತ್ತು.

ಹೃದಯ ನಿಂತರೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅಷ್ಟರೊಳಗೆ ಆಂಬುಲೆನ್ಸ್ ಬರುತ್ತೆ ಅಂತ ನಂಬಿ ಕೂರೋಕಾಗಲ್ಲ. ಅಲ್ಲಿರೋದು ನೀವು, ನಾನು, ಪಕ್ಕದ ಡೆಸ್ಕಿನವರು. ಮುಂದಿನ ಸಲ ಆಫೀಸಿನಲ್ಲಿ ಸಿಪಿಆರ್ ತರಬೇತಿ ಮೇಲ್ ಬಂದ್ರೆ ಆರ್ಕೈವ್ ಮಾಡಬೇಡಿ, ಹೆಸರು ಕೊಡಿ.